ಮನೆಯಲ್ಲೆಲ್ಲ ಹಾಡು ಕೇಳಬೇಕಾ? ಬ್ಲೂಟೂತ್, ವೈಫೈ, ಪೈ, ನ್ಯಾಸ್: ಯಾರಿಗೆ ಯಾವುದು ಸರಿ

ಹೋದ ತಿಂಗಳು ಚಿತ್ರದುರ್ಗದಿಂದ ಭಾವ ಫೋನ್ ಮಾಡಿದ್ದರು. "ಒಂದು ಒಳ್ಳೇ ವೈರ್‌ಲೆಸ್ ಸ್ಪೀಕರ್ ಹೇಳಪ್ಪ, ಮನೆ ತುಂಬ ಹಾಡು ಕೇಳಬೇಕು" ಅಂದರು. "ಸ್ಪೀಕರ್ ಆಮೇಲೆ ನೋಡೋಣ ಭಾವ, ನಿಮ್ಮ ಹಾಡೆಲ್ಲ ಈಗ ಎಲ್ಲಿವೆ ಹೇಳಿ" ಅಂದೆ. ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಎಣಿಸಿದರು. ಅರ್ಧ ಮಗಳ ಫೋನಿನಲ್ಲಿ. ಸ್ವಲ್ಪ ಕಾರಿನ ಪೆನ್‌ಡ್ರೈವ್‌ನಲ್ಲಿ. ಬೀರುವಿನಲ್ಲಿ ಮೂವತ್ತು ನಲವತ್ತು ಸಿಡಿ. ಅಟ್ಟದ ಮೇಲೆ ಟ್ರಂಕಿನಲ್ಲಿ ನೂರೈವತ್ತು ಕ್ಯಾಸೆಟ್.

ನಮ್ಮ ಕಡೆ ಬಹಳ ಮನೆಗಳಲ್ಲಿ ಇದೇ ಸ್ಥಿತಿ. ಹಾಡು ಇವೆ, ಆದರೆ ಒಂದು ಕಡೆ ಇಲ್ಲ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲೂ ಆರು ವರ್ಷದ ಹಿಂದೆ ಹೀಗೇ ಇತ್ತು. ಆಗಿನಿಂದ ಬ್ಲೂಟೂತ್, ಸ್ಮಾರ್ಟ್ ಸ್ಪೀಕರ್, ಹಳೇ ಕಂಪ್ಯೂಟರ್, ರಾಸ್‌ಬೆರಿ ಪೈ ಎಲ್ಲವನ್ನೂ ಇಟ್ಟು ನೋಡಿದ್ದೇನೆ. ಭಾವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ನನ್ನ ಮಾತು ಒಂದೇ: ಮೊದಲು ಹಾಡು ಇಡುವ ಜಾಗ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಸ್ಪೀಕರ್ ಅಂಗಡಿಗೆ ಹೋಗಿ.

ಹೀಗೆ ಹೇಳಲು ಕಾರಣ ಇದೆ. ನಮ್ಮ ಅಜ್ಜಿ ಒಂದು ಮದುವೆಯಲ್ಲಿ ಸೋಬಾನೆ ಪದ ಹೇಳಿದ್ದರು. ನಲವತ್ತು ನಿಮಿಷ, ಒಂದೇ ಉಸಿರಿಗೆ ಅನ್ನುವ ಹಾಗೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಒಂದು ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ಹಾಕಿದ್ದೆ. ಬೇರೆಲ್ಲೂ ಕಾಪಿ ಇರಲಿಲ್ಲ. ಒಂದು ಸಂಜೆ ಕರೆಂಟ್ ಹೋಗಿ ಬಂತು, ಹೋಗಿ ಬಂತು. ಮೂರನೇ ಸಲ ಬಂದಾಗ ಡಿಸ್ಕ್ 'ಟಕ್... ಟಕ್...' ಅನ್ನೋಕೆ ಶುರು ಮಾಡಿತು. ಮತ್ತೆ ತೆರೆಯಲೇ ಇಲ್ಲ. ಅಜ್ಜಿ ಈಗ ಇಲ್ಲ. ಆ ನಲವತ್ತು ನಿಮಿಷ ನೆನೆದರೆ ಇವತ್ತಿಗೂ ಕರುಳು ಚುರ್ ಅನ್ನುತ್ತದೆ. ಸಿನಿಮಾ ಹಾಡು ಹೋದರೆ ಇನ್ನೊಂದು ಕಡೆ ಸಿಗುತ್ತದೆ, ಮನೆಯವರ ದನಿ ಹೋದರೆ ಎಲ್ಲಿ ಹುಡುಕೋದು?

ಎಷ್ಟು ಜಾಗ ಬೇಕು?

ಜನ ಇದನ್ನು ಜಾಸ್ತಿ ಅಂದುಕೊಂಡು ದೊಡ್ಡ ಡಿಸ್ಕಿಗೆ ದುಡ್ಡು ಹಾಕುತ್ತಾರೆ. ಲೆಕ್ಕ ಸುಲಭ. ಸಿಡಿಯಲ್ಲಿರುವ ಧ್ವನಿ ಹಾಗೇ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ. ಅದನ್ನೇ ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಧ್ವನಿ ಒಂದು ಚೂರೂ ಕಳೆಯುವುದಿಲ್ಲ. 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್) ಎಂಪಿ3 ಆದರೆ ನಿಮಿಷಕ್ಕೆ 2.4 ಎಂಬಿ, ಆದರೆ ಇಲ್ಲಿ ಧ್ವನಿಯ ಸ್ವಲ್ಪ ಭಾಗ ಹೋಗುತ್ತದೆ, ಮತ್ತೆ ವಾಪಸ್ ಬರುವುದಿಲ್ಲ.

ಐದೈದು ನಿಮಿಷದ ಸಾವಿರ ಹಾಡು ಫ್ಲ್ಯಾಕ್‌ನಲ್ಲಿ ಇಟ್ಟರೂ 25ರಿಂದ 30 ಜಿಬಿ ಆಗುತ್ತದೆ ಅಷ್ಟೇ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 300 ಎಂಬಿ. ಭಾವನ ನೂರೈವತ್ತು ಕ್ಯಾಸೆಟ್ ಸೇರಿದರೆ 45 ಜಿಬಿ. ಅಂದರೆ 1 ಟಿಬಿ ಡಿಸ್ಕ್ ಒಂದು ಮನೆಗೆ ಧಾರಾಳ. 4 ಟಿಬಿಯ ಒಂದು ಡಿಸ್ಕ್ ತಗೊಳ್ಳುವ ಬದಲು 1 ಟಿಬಿಯ ಎರಡು ತಗೊಳ್ಳಿ. ಎರಡನೆಯದು ಕಾಪಿಗೆ.

ಬ್ಲೂಟೂತ್ ಸ್ಪೀಕರ್

ಒಂದೇ ಕೋಣೆ, ಒಬ್ಬರೇ ಕೇಳುವವರು, ಹಾಡೆಲ್ಲ ಫೋನಿನಲ್ಲೇ ಇವೆ ಅಂದರೆ ಇದು ಸಾಕು. ಅಡುಗೆಮನೆಗೆ ನಮ್ಮಲ್ಲಿ ಈಗಲೂ ಇದೇ ಇದೆ.

ಇದರ ಮಿತಿ ಗೊತ್ತಿರಲಿ. ಹಾಡು ಹೋಗುವುದು ಫೋನಿನ ಮೂಲಕ. ಫೋನ್ ಬಂದರೆ ಹಾಡು ನಿಲ್ಲುತ್ತದೆ. ಫೋನ್ ಹಿಡಿದುಕೊಂಡು ನೀವು ಅಂಗಳಕ್ಕೆ ಹೋದರೆ ಒಳಗಿದ್ದವರಿಗೆ ಹಾಡು ತುಂಡಾಗುತ್ತದೆ. ಸಾಮಾನ್ಯ ಸ್ಪೀಕರ್‌ಗಳು ಹತ್ತು ಮೀಟರ್ ಅನ್ನುತ್ತವೆ, ಅದು ಬಯಲಿನ ಲೆಕ್ಕ. ನಡುವೆ ಎರಡು ಗೋಡೆ ಬಂದರೆ ಅರ್ಧವೂ ಉಳಿಯುವುದಿಲ್ಲ. ಧ್ವನಿಯನ್ನೂ ಕುಗ್ಗಿಸಿಯೇ ಕಳಿಸುತ್ತದೆ. ಎಲ್ಲ ಬ್ಲೂಟೂತ್ ಸ್ಪೀಕರ್‌ಗಳಲ್ಲೂ ಇರುವ ಎಸ್‌ಬಿಸಿ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಹೋಗುತ್ತದೆ. ಸೋನಿಯವರ ಎಲ್‌ಡ್ಯಾಕ್ 990ರವರೆಗೆ ಹೋಗುತ್ತದೆ, ಆದರೆ ಫೋನ್ ಮತ್ತು ಸ್ಪೀಕರ್ ಎರಡರಲ್ಲೂ ಅದು ಇರಬೇಕು. ಸಿಡಿಯ ಲೆಕ್ಕ 1411. ಕೆಲಸ ಮಾಡುತ್ತಾ ಕೇಳುವವರಿಗೆ ಈ ವ್ಯತ್ಯಾಸ ಗೊತ್ತಾಗುವುದು ಕಡಿಮೆ. ಕೂತು ಕಣ್ಣು ಮುಚ್ಚಿ ತಂಬೂರಿಯ ಶ್ರುತಿ ಕೇಳುವವರಿಗೆ ಗೊತ್ತಾಗಬಹುದು.

ಮನೆಯಲ್ಲಿ ಹಳೇ ಆಂಪ್ಲಿಫೈಯರ್ ಮತ್ತು ದೊಡ್ಡ ಸ್ಪೀಕರ್ ಇವೆಯಾ? ದಯವಿಟ್ಟು ಗುಜರಿಗೆ ಹಾಕಬೇಡಿ. ಸಾವಿರ ರೂಪಾಯಿಯ ಒಳಗೆ ಒಂದು ಬ್ಲೂಟೂತ್ ರಿಸೀವರ್ ಬರುತ್ತದೆ. ಆಂಪ್ಲಿಫೈಯರಿನ ಹಿಂದೆ ಕೆಂಪು ಬಿಳಿ ಪಿನ್ ಇರುತ್ತವಲ್ಲ, ಅಲ್ಲಿಗೆ ಚುಚ್ಚಿದರೆ ಆಯಿತು. ಹೊಸ ಪುಟ್ಟ ಸ್ಪೀಕರ್‌ಗಿಂತ ಆ ಹಳೇ ಮರದ ಪೆಟ್ಟಿಗೆಯ ದನಿ ಎಷ್ಟೋ ತುಂಬಿಕೊಂಡಿರುತ್ತದೆ.

ಆಪ್ ಮತ್ತು ಸ್ಮಾರ್ಟ್ ಸ್ಪೀಕರ್

ಸ್ಪಾಟಿಫೈ, ಜಿಯೋಸಾವನ್, ಗಾನಾ, ಆಪಲ್ ಮ್ಯೂಸಿಕ್ ಇದ್ದೇ ಇವೆ. ಹೊಸ ಹಾಡು, ಸಿನಿಮಾ ಹಾಡು ಕೇಳುವ ಮನೆಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ವೈಫೈ ಸ್ಪೀಕರ್ ಆದರೆ ಹಾಡು ಇಂಟರ್ನೆಟ್ಟಿನಿಂದ ನೇರ ಸ್ಪೀಕರಿಗೆ ಬರುತ್ತದೆ, ಫೋನ್ ಬರೀ ರಿಮೋಟ್. ಫೋನ್ ತಗೊಂಡು ಹೊರಗೆ ಹೋದರೂ ಹಾಡು ನಿಲ್ಲುವುದಿಲ್ಲ. ಒಂದೇ ಕಂಪನಿಯ ಎರಡು ಮೂರು ಸ್ಪೀಕರ್ ಇದ್ದರೆ ಎಲ್ಲ ಕೋಣೆಯಲ್ಲೂ ಒಂದೇ ಹಾಡು ಒಟ್ಟಿಗೆ ಬರುವ ಹಾಗೆ ಜೋಡಿಸಬಹುದು. ಡೇಟಾ ಚಿಂತೆಯೂ ಬೇಡ, 320 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ 144 ಎಂಬಿ.

ಆದರೆ ಮೂರು ಮಾತು ಹೇಳಲೇಬೇಕು. ಒಂದು, ಆಪ್‌ನಲ್ಲಿ ಡೌನ್‌ಲೋಡ್ ಮಾಡಿದ ಹಾಡು ನಿಮ್ಮದಲ್ಲ. ಚಂದಾ ನಿಂತ ದಿನ ಅದೂ ನಿಲ್ಲುತ್ತದೆ. ಕೆಲವು ಸಲ ಆಪ್ ಕೂಡ ನಿಲ್ಲುತ್ತದೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು, ವಿಂಕ್ 2024ರಲ್ಲಿ. ಎರಡು, ನಿಮ್ಮ ಅಪ್ಪ ರೆಕಾರ್ಡ್ ಮಾಡಿಟ್ಟ ಭಜನೆ ಯಾವ ಆಪ್‌ನಲ್ಲೂ ಸಿಗುವುದಿಲ್ಲ. ಸ್ವಂತ ಡಿಸ್ಕಿನ ಹಾಡನ್ನು ಸ್ಮಾರ್ಟ್ ಸ್ಪೀಕರಿಗೆ ಕಳಿಸಲು ನಡುವೆ ಇನ್ನೊಂದು ಆಪ್ ಬೇಕು, ಆ ಜೋಡಣೆ ಆಗಾಗ ಕೈಕೊಡುತ್ತದೆ. ಮೂರು, ಇಂಟರ್ನೆಟ್ ಹೋದರೆ ಮನೆಯೆಲ್ಲ ಮೌನ. ನಮ್ಮ ರಸ್ತೆಯಲ್ಲಿ ಒಂದು ಸಲ ಪೈಪ್‌ಲೈನಿಗೆ ಅಗೆಯುವಾಗ ಕೇಬಲ್ ತುಂಡಾಗಿ ನಾಲ್ಕು ದಿನ ಇಂಟರ್ನೆಟ್ ಇರಲಿಲ್ಲ.

ಬಾಯಿಮಾತಿನಲ್ಲಿ ಹಾಡು ಕೇಳುವ ಸೌಲಭ್ಯ ನೋಡಿ ಅವ್ವನಿಗೆ ಅಂತ ಒಂದು ಸ್ಮಾರ್ಟ್ ಸ್ಪೀಕರ್ ತಂದಿದ್ದೆ. ಅವ್ವ ಕನ್ನಡದಲ್ಲಿ ವಚನ ಕೇಳಿದರೆ ಅದು ಏನೋ ಹಿಂದಿ ಹಾಡು ಹಾಕುತ್ತಿತ್ತು. ನಾಲ್ಕು ದಿನ ನೋಡಿ ಅವ್ವ ಕೇಳೋದನ್ನೇ ಬಿಟ್ಟರು. ಮನೆಯಲ್ಲಿ ದೊಡ್ಡವರಿಗೆ ಅಂತ ತಗೊಳ್ಳುವುದಾದರೆ ಅಂಗಡಿಯಲ್ಲೇ ಅವರ ಬಾಯಿಂದ ಎರಡು ಹಾಡು ಕೇಳಿಸಿ ನೋಡಿ ತಗೊಳ್ಳಿ.

ರೇಡಿಯೋ ಇಷ್ಟ ಇದ್ದವರಿಗೆ ಒಂದು ಮಾತು: ಆಕಾಶವಾಣಿಯ ಕೇಂದ್ರಗಳನ್ನು ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆಪ್‌ನಲ್ಲಿ ಉಚಿತವಾಗಿ ಕೇಳಬಹುದು. ಅಲ್ಲಿಂದ ಬ್ಲೂಟೂತ್‌ಗೆ ಹಾಕಿದರೆ ಕರಕರ ಸದ್ದಿಲ್ಲದೆ ಬರುತ್ತದೆ.

ರೌಟರ್‌ಗೆ ಪೆನ್‌ಡ್ರೈವ್

ಇದು ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ವೈಫೈ ರೌಟರಿನ ಹಿಂಭಾಗ ನೋಡಿ. ಕೆಲವು ರೌಟರ್‌ಗಳಲ್ಲಿ ಯುಎಸ್‌ಬಿ ಕಿಂಡಿ ಇರುತ್ತದೆ. ಅಲ್ಲಿಗೆ ಪೆನ್‌ಡ್ರೈವ್ ಹಾಕಿ, ಸೆಟ್ಟಿಂಗ್‌ನಲ್ಲಿ ಮೀಡಿಯಾ ಸರ್ವರ್ ಅಥವಾ ಫೈಲ್ ಶೇರಿಂಗ್ ಆನ್ ಮಾಡಿದರೆ ಮನೆಯ ಎಲ್ಲ ಫೋನಿಗೂ ಟಿವಿಗೂ ಅದೇ ಹಾಡು ಕಾಣುತ್ತದೆ. ಫೋನಿನಲ್ಲಿ ಹಾಡು, ವಿಡಿಯೋ ಹಾಕುವ ವಿಎಲ್‌ಸಿ ಆಪ್ ಇದ್ದರೆ ಸಾಕು. ಖರ್ಚು ಪೆನ್‌ಡ್ರೈವಿನದ್ದು ಮಾತ್ರ. ನಿಧಾನ, ಹುಡುಕೋದು ಕಷ್ಟ, ಆದರೂ ಶುರು ಮಾಡಲು ಒಳ್ಳೆಯದು.

ರಾಸ್‌ಬೆರಿ ಪೈ ಅಥವಾ ಹಳೇ ಲ್ಯಾಪ್‌ಟಾಪ್

ನನ್ನ ಮನಸ್ಸು ನಿಂತಿರೋದು ಇಲ್ಲಿ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರಾಸ್‌ಬೆರಿ ಪೈ ಅಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕಂಪ್ಯೂಟರ್. ಮೊದಲು ಬಂದಿದ್ದು 2012ರಲ್ಲಿ. ಇದಕ್ಕೆ ಮೂಡ್ ಅಥವಾ ವಾಲ್ಯೂಮಿಯೋ ಅನ್ನುವ ಉಚಿತ ಸಾಫ್ಟ್‌ವೇರನ್ನು ಮೆಮೊರಿ ಕಾರ್ಡಿಗೆ ಹಾಕಿ, ಹಾಡಿನ ಡಿಸ್ಕನ್ನು ಯುಎಸ್‌ಬಿಗೆ ಚುಚ್ಚಿ, ಇನ್ನೊಂದು ಕಡೆಯಿಂದ ಹಳೇ ಆಂಪ್ಲಿಫೈಯರಿಗೆ ವೈರ್ ಕೊಟ್ಟರೆ ಮುಗಿಯಿತು. ಮನೆಯಲ್ಲಿ ಯಾರ ಫೋನಿನ ಬ್ರೌಸರಿನಿಂದ ಬೇಕಾದರೂ ಹಾಡು ಆರಿಸಬಹುದು. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ, ರೌಟರಿಗೆ ಕರೆಂಟ್ ಇದ್ದರೆ ಸಾಕು.

ತಗೊಳ್ಳುವಾಗ ಎರಡು ವಿಷಯ ನೆನಪಿಡಿ. ಪೈ 4ರಲ್ಲಿ ಹೆಡ್‌ಫೋನ್ ಕಿಂಡಿ ಇದೆ, ಧ್ವನಿ ಸಾಧಾರಣ. ಪೈ 5ರಲ್ಲಿ ಆ ಕಿಂಡಿಯೇ ಇಲ್ಲ. ಹಾಗಾಗಿ ಒಂದು ಯುಎಸ್‌ಬಿ ಡ್ಯಾಕ್ ಬೇಕು. ಡಿಸ್ಕಿನಲ್ಲಿರುವ ಅಂಕಿಗಳನ್ನು ಸ್ಪೀಕರಿಗೆ ಬೇಕಾದ ಧ್ವನಿಯಾಗಿ ಬದಲಿಸುವ ಪುಟ್ಟ ಸಾಧನ ಅದು. ಇನ್ನೊಂದು, ತಿರುಗುವ ಹಾರ್ಡ್‌ಡಿಸ್ಕ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ. ಪೈಗೆ ಅದು ಭಾರ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ಇಲ್ಲವೇ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ.

ಬೇರೆ ಬೇರೆ ಕೋಣೆಯಲ್ಲಿ ಒಂದೇ ಹಾಡು ಒಟ್ಟಿಗೆ ಬರಬೇಕು ಅಂದರೆ ಲಿರಿಯನ್ ಮ್ಯೂಸಿಕ್ ಸರ್ವರ್ ಅನ್ನುವ ಸಾಫ್ಟ್‌ವೇರ್ ನೋಡಿ. ಇದರ ಹಿನ್ನೆಲೆ ನನಗೆ ಬಹಳ ಇಷ್ಟ. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಅನ್ನುವ ವೈಫೈ ಪ್ಲೇಯರ್ ಮಾರುತ್ತಿತ್ತು, 2012ರಲ್ಲಿ ನಿಲ್ಲಿಸಿತು. ಆದರೆ ಅದರ ಸರ್ವರ್ ಸಾಫ್ಟ್‌ವೇರ್ ಮುಕ್ತವಾಗಿತ್ತು, ಅಂದರೆ ಯಾರು ಬೇಕಾದರೂ ತಗೊಂಡು ತಿದ್ದಬಹುದಿತ್ತು. ಬಳಸುವವರೇ ಸೇರಿ ಅದನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದ್ದಾರೆ. ಪೆಟ್ಟಿಗೆ ಮಾರಾಟ ನಿಂತು ಇಷ್ಟು ವರ್ಷ ಆದರೂ ಹಾಡು ನಿಂತಿಲ್ಲ. ಹಾಡು ಇಡುವ ವ್ಯವಸ್ಥೆ ಆರಿಸುವಾಗ ನಾನು ಮೊದಲು ನೋಡುವುದು ಇದನ್ನೇ, ಕಂಪನಿ ಕೈಬಿಟ್ಟರೂ ನಡೆಯುತ್ತದಾ ಅಂತ.

ಹಳೇ ಲ್ಯಾಪ್‌ಟಾಪ್ ಇದ್ದರೆ ಅದೇ ಕೆಲಸ ಮಾಡುತ್ತದೆ, ಬ್ಯಾಟರಿ ಇನ್ನೂ ನಿಲ್ಲುತ್ತಿದ್ದರೆ ಯುಪಿಎಸ್ ಕೂಡ ಉಳಿತಾಯ. ಹಳೇ ಡೆಸ್ಕ್‌ಟಾಪ್ ಮಾತ್ರ ಬೇಡ. ದಿನವಿಡೀ ಇಟ್ಟರೆ 80 ವ್ಯಾಟಿನ ಡೆಸ್ಕ್‌ಟಾಪ್ ತಿಂಗಳಿಗೆ 57 ಯೂನಿಟ್ ತಿನ್ನುತ್ತದೆ. 5 ವ್ಯಾಟಿನ ಪೈಗೆ ನಾಲ್ಕು ಯೂನಿಟ್ಟೂ ಆಗುವುದಿಲ್ಲ. ಬೆಸ್ಕಾಂ ಬಿಲ್ಲಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ನ್ಯಾಸ್

ನ್ಯಾಸ್ ಅಂದರೆ ರೌಟರಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ. ಸಿನಾಲಜಿ, ಕ್ಯೂನ್ಯಾಪ್ ಹೆಸರುವಾಸಿ. ಎರಡು ಡಿಸ್ಕ್ ಹಾಕಿದರೆ ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ತಾನಾಗಿ ಬರೆದುಕೊಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದು ಇರುತ್ತದೆ. ಪೆಟ್ಟಿಗೆ, ಡಿಸ್ಕ್ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟುವುದು ಖಂಡಿತ.

ಬರೀ ಹಾಡಿಗೆ ಇದು ಅತಿಯಾಯಿತು ಅನ್ನೋದು ನನ್ನ ಅಭಿಪ್ರಾಯ. ಮಕ್ಕಳ ಫೋಟೋ, ಮದುವೆ ವಿಡಿಯೋ, ಅಂಗಡಿಯ ಲೆಕ್ಕ ಎಲ್ಲ ಒಂದೇ ಕಡೆ ಇಡಬೇಕು ಅನ್ನುವವರಿಗೆ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ. ಒಂದು ತಪ್ಪು ತಿಳಿವಳಿಕೆ ಮಾತ್ರ ಬೇಡ. ಎರಡು ಡಿಸ್ಕಿಗೆ ಬರೆಯುವುದು ಬ್ಯಾಕಪ್ ಅಲ್ಲ. ಮಗು ಆಡುತ್ತಾ ಒಂದು ಫೋಲ್ಡರ್ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಕಾಪಿ ಬೇರೆ ಮನೆಯಲ್ಲಿ ಇರಲೇಬೇಕು.

ಗೋಡೆ, ಕರೆಂಟ್, ಬಿಸಿಲು

ಹಳೇ ದಾವಣಗೆರೆಯ ಕಡೆ, ಚಿತ್ರದುರ್ಗದ ಕೋಟೆ ಹತ್ತಿರದ ಬೀದಿಗಳಲ್ಲಿ ಒಂದೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆಗಳಿವೆ. ವೈಫೈ ಅಲ್ಲಿ ಸೋಲುತ್ತದೆ. ರೌಟರ್‌ನಲ್ಲಿ ಎರಡು ಹೆಸರು ಕಾಣುತ್ತವಲ್ಲ, 5 ಗಿಗಾಹರ್ಟ್ಜ್ ವೇಗದ್ದು, ಆದರೆ ಗೋಡೆ ದಾಟುವುದು ಕಷ್ಟ. 2.4 ನಿಧಾನ, ಆದರೆ ದೂರ ಹೋಗುತ್ತದೆ. ಹಾಡಿಗೆ ವೇಗ ಜಾಸ್ತಿ ಬೇಡ, ದೂರದ ಸ್ಪೀಕರನ್ನು 2.4ಕ್ಕೇ ಹಾಕಿ. ಇನ್ನೂ ಮುಖ್ಯ ಅಂದರೆ ಡಿಸ್ಕ್ ಇರುವ ಪೆಟ್ಟಿಗೆಯನ್ನು ರೌಟರ್ ಪಕ್ಕದಲ್ಲೇ ಇಟ್ಟು ಲ್ಯಾನ್ ಕೇಬಲ್ ಹಾಕಿ. ಗಾಳಿಯಲ್ಲಿ ಹೋಗುವುದು ಸ್ಪೀಕರಿನ ಕಡೆ ಮಾತ್ರ ಇರಲಿ. ನಮ್ಮ ಮನೆಯಲ್ಲಿ ಹಾಡು ತುಂಡು ತುಂಡಾಗಿ ಬರುತ್ತಿದ್ದದ್ದು ಈ ಒಂದು ಮೂರಡಿ ಕೇಬಲ್‌ನಿಂದ ನಿಂತಿತು.

ಕರೆಂಟ್ ಫಕ್ಕನೆ ಹೋದರೆ ಪೈನ ಮೆಮೊರಿ ಕಾರ್ಡ್, ಡಿಸ್ಕ್ ಎರಡಕ್ಕೂ ಪೆಟ್ಟು. ರೌಟರಿಗೆ ಅಂತಲೇ ಪುಟ್ಟ 12 ವೋಲ್ಟ್ ಯುಪಿಎಸ್ ಸಿಗುತ್ತದೆ, 5 ವೋಲ್ಟ್ ಕಿಂಡಿಯೂ ಇರುವಂಥದ್ದನ್ನು ನೋಡಿ ತಗೊಳ್ಳಿ. ಪೈ ಕೇಳುವಷ್ಟು ಆಂಪಿಯರ್ ಕೊಡುತ್ತದಾ ಅಂತ ಅದರ ಮೇಲಿನ ಚೀಟಿ ಓದಿ ನೋಡಿ.

ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು ಗೊತ್ತಲ್ಲ. ಗಾಜಿನ ಬಾಗಿಲು ಮುಚ್ಚಿದ ಶೋಕೇಸಿನೊಳಗೆ, ಫ್ರಿಜ್ ಮೇಲೆ, ಶೀಟಿನ ಮನೆಯ ಅಟ್ಟದಲ್ಲಿ ಡಿಸ್ಕ್ ಇಡಬೇಡಿ.

ಕ್ಯಾಸೆಟ್ಟಿನಿಂದ ಡಿಸ್ಕಿಗೆ

ಭಾವನಿಗೆ ನಾನು ಗಟ್ಟಿಯಾಗಿ ಹೇಳಿದ್ದು ಇದನ್ನೇ. ಯಾವ ಸ್ಪೀಕರ್ ಬೇಕಾದರೂ ಆರು ತಿಂಗಳು ತಡವಾಗಲಿ, ಕ್ಯಾಸೆಟ್ ಕೆಲಸ ತಡ ಮಾಡಬೇಡಿ. ಟೇಪ್ ಹಳತಾಗುತ್ತಲೇ ಇರುತ್ತದೆ.

ಟೇಪ್ ರೆಕಾರ್ಡರಿನ ಲೈನ್ ಔಟ್ ಅಥವಾ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿಗೆ ವೈರ್ ಹಾಕಬೇಕು. ಈಗಿನ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಒಂದೇ ಕಿಂಡಿ ಮೈಕಿಗೆ ಮಾಡಿದ್ದು. ಅದಕ್ಕೆ ಚುಚ್ಚಿದರೆ ಎಡ ಬಲ ಸೇರಿ ಒಂದಾಗುತ್ತದೆ, ದನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ರೆಕಾರ್ಡ್ ಮಾಡಲು ಅಡಾಸಿಟಿ ಉಚಿತ. ಅತಿ ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ಹತ್ತಿರ ನಿಲ್ಲುವ ಹಾಗೆ ವಾಲ್ಯೂಮ್ ಇಟ್ಟು, ಕೊನೆಗೆ ಫ್ಲ್ಯಾಕ್ ಆಗಿ ಉಳಿಸಿ. ಶುರು ಮಾಡುವ ಮೊದಲು ಟೇಪಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ. ಮೊದಲ ಕಡ್ಡಿ ಕಂದು ಬಣ್ಣಕ್ಕೆ ತಿರುಗುವುದು ನೋಡಿದರೆ ಧ್ವನಿ ಯಾಕೆ ಮಂಕಾಗಿತ್ತು ಅಂತ ಗೊತ್ತಾಗುತ್ತದೆ.

ನಮ್ಮ ಅಪ್ಪಾಜಿ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ರಾತ್ರಿ ಹೊತ್ತು ಆಕಾಶವಾಣಿ ಭದ್ರಾವತಿಯಿಂದ ಹಿಡಿದಿಟ್ಟ ಒಂದು ಕ್ಯಾಸೆಟ್ ಹಾಕಿದಾಗ ಹಾಡು ನೀರಿನೊಳಗಿನಿಂದ ಬಂದ ಹಾಗೆ ಕೇಳುತ್ತಿತ್ತು. ಟೇಪೇ ಹೋಯಿತು ಅಂದುಕೊಂಡೆ. ಕ್ಯಾಸೆಟ್ ತಿರುಗಿಸಿ ಕೆಳಗಿನ ಅಂಚು ನೋಡಿದೆ. ನಡುವೆ ತಾಮ್ರದ ಬಣ್ಣದ ಒಂದು ಸಣ್ಣ ಪಟ್ಟಿ ಇರುತ್ತದೆ, ಅದರ ಮೇಲೆ ಉದ್ದಿನ ಕಾಳಿನಷ್ಟು ಮೆತ್ತನೆ ಬಟ್ಟೆಯ ತುಂಡು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಅಂಟು ಒಣಗಿ ಆ ತುಂಡು ಒಳಗೆ ಬಿದ್ದುಹೋಗಿತ್ತು. ಐದು ಸ್ಕ್ರೂ ಬಿಚ್ಚಿ, ಕೆಲಸಕ್ಕೆ ಬಾರದ ಇನ್ನೊಂದು ಕ್ಯಾಸೆಟ್ಟಿನಿಂದ ಪಟ್ಟಿ ಸಮೇತ ತೆಗೆದು ಹಾಕಿದೆ. ಮತ್ತೆ ಹಾಕಿದಾಗ ತಂಬೂರಿ ಕೇಳಿತು. ಹಿಂದೆಯೇ, ರೆಕಾರ್ಡಿಂಗ್ ಶುರುವಾದ ಕ್ಷಣದಲ್ಲಿ, ಅಪ್ಪಾಜಿ ಸಣ್ಣಗೆ ಕೆಮ್ಮಿದ್ದು. ಅವ್ವ ಒಳಗಿನಿಂದ ಬಂದು ಟೇಪಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು.

ಆ ಕೆಮ್ಮನ್ನು ನಾನು ಕತ್ತರಿಸಿಲ್ಲ. ನೀವೂ ಕತ್ತರಿಸಬೇಡಿ. ಮೂಲ ಫೈಲ್ ಹಾಗೇ ಇಟ್ಟು, ಶುಚಿ ಮಾಡುವುದಿದ್ದರೆ ಇನ್ನೊಂದು ಕಾಪಿಯಲ್ಲಿ ಮಾಡಿ.

ಹೆಸರು ಬರೆಯುವಾಗ ಕನ್ನಡ ಲಿಪಿಯಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದು ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಹಾಡಿನ ಫೈಲಿಗೆ ಹೆಸರು, ವಿವರ ಸೇರಿಸುವ ಎಂಪಿ3ಟ್ಯಾಗ್, ಪಿಕಾರ್ಡ್ ಸಾಫ್ಟ್‌ವೇರ್ ಎರಡರಲ್ಲೂ ಕನ್ನಡ ಬರುತ್ತದೆ. ಹಾಡಿದವರು, ಊರು, ವರ್ಷ ಬರೆದರೆ ಸಾಕು. ಕ್ಯಾಸೆಟ್ಟಿನ ಮೇಲೆ ಯಾರದ್ದೋ ಕೈಬರಹ ಇದ್ದರೆ ಅದರ ಫೋಟೋ ತೆಗೆದು ಅದೇ ಫೋಲ್ಡರಿಗೆ ಹಾಕಿ.

ಹಾಗಾದರೆ ಯಾರು ಏನು ತಗೊಳ್ಳೋದು?

ಬಾಡಿಗೆ ರೂಮಿನಲ್ಲಿರುವ ಹುಡುಗರಿಗೆ ಬ್ಲೂಟೂತ್ ಮತ್ತು ಒಂದು ಆಪ್ ಸಾಕು. ಹೊಸ ಹಾಡೇ ಕೇಳುವ, ಹಳೆಯದೇನೂ ಇಟ್ಟುಕೊಂಡಿಲ್ಲದ ಮನೆಗೆ ವೈಫೈ ಸ್ಪೀಕರ್ ಚೆನ್ನ. ಕ್ಯಾಸೆಟ್, ಸಿಡಿ, ಮನೆಯವರ ರೆಕಾರ್ಡಿಂಗ್ ಇರುವ ಮನೆಗೆ ಪೈ ಮತ್ತು ಎರಡು ಡಿಸ್ಕ್. ಒಂದು ಭಾನುವಾರ ಕೂತು ಜೋಡಿಸುವ ತಾಳ್ಮೆ ಬೇಕು ನಿಜ. ಅದು ಆಗುವುದಿಲ್ಲ ಅನ್ನುವವರು, ಖರ್ಚಿಗೆ ಹಿಂಜರಿಯದವರು ನ್ಯಾಸ್ ತಗೊಳ್ಳಿ. ಜೊತೆಗೆ ಆಪ್ ಬೇಡ ಅಂತೇನಿಲ್ಲ. ನಮ್ಮ ಮಗಳು ಆಪ್‌ನಲ್ಲಿ ಕೇಳುತ್ತಾಳೆ, ಅವ್ವ ಡಿಸ್ಕಿನಿಂದ ಕೇಳುತ್ತಾರೆ. ಎರಡೂ ಅದೇ ಹಳೇ ಸ್ಪೀಕರಿನಲ್ಲಿ ಬರುತ್ತವೆ.

ಭಾವ ಪೈ ತಗೊಂಡರು. ವಾರಕ್ಕೆ ಎರಡು ಕ್ಯಾಸೆಟ್ ಅಂತ ಲೆಕ್ಕ ಹಾಕಿದ್ದೇವೆ, ಒಂದೂವರೆ ವರ್ಷದ ಕೆಲಸ. ಅವರ ಎರಡನೇ ಡಿಸ್ಕ್ ನಮ್ಮ ಮನೆಯ ಬೀರುವಿನಲ್ಲಿ, ನಮ್ಮದು ಚಿತ್ರದುರ್ಗದಲ್ಲಿ ಅಕ್ಕನ ಬೀರುವಿನಲ್ಲಿ. ಹಬ್ಬಕ್ಕೆ ಹೋಗಿ ಬರುವಾಗ ಡಿಸ್ಕ್ ತಂದು ಹೊಸದನ್ನು ಸೇರಿಸಿ ವಾಪಸ್ ಕೊಡುತ್ತೇವೆ. ಮೊದಲ ಭಾನುವಾರ ಅವರು ಹಾಕಿದ್ದು ತಮ್ಮ ತಾಯಿ ಹಾಡಿದ ತೊಟ್ಟಿಲ ಪದದ ಕ್ಯಾಸೆಟ್. ಎ ಬದಿ ಮುಗಿದಿದೆ, ಬಿ ಬದಿ ಈ ವಾರ.